ಕ್ರಿಯಾಪದದ ಕಾಲವೂ ಸಮುದಾಯದ ಕಾಲವೂ

ಪ್ರತಿವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ಕೂಡಲೇ ನಮ್ಮ ಪಟ್ಟಣಗಳಲ್ಲಿ ಸನ್ಮಾನಗಳ ಸುಗ್ಗಿ ಆರಂಭವಾಗುತ್ತದೆ. ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಫಲಕ ನೀಡಲಾಗುತ್ತದೆ. ಶಾಸಕರು ಭಾಷಣ ಮಾಡುತ್ತಾರೆ, ಜಮಾಅತಿನ ಅಧ್ಯಕ್ಷರು ಪ್ರಥಮ ದಿವ್ಯವಾಣಿಯೇ ಓದಿನ ಆಜ್ಞೆಯಾಗಿತ್ತೆಂದು ನೆನಪಿಸುತ್ತಾರೆ, ಛಾಯಾಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಎರಡು ತಿಂಗಳ ನಂತರ ಅದೇ ಮಕ್ಕಳು ಎಲ್ಲಿದ್ದಾರೆ, ಯಾವ ಕಾಲೇಜಿಗೆ ಸೇರಿದರು, ಸೇರಬಯಸಿದಲ್ಲಿ ಸೇರಲಾಗದೆ ಏಕೆ ಉಳಿದರು ಎಂದು ಕೇಳುವವರು ಯಾರೂ ಇರುವುದಿಲ್ಲ. ಕೇಳಿದರೆ ಸಿಗುವ ಉತ್ತರ ಬಹಳ ಸಲ ಒಂದೇ: ‘ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಕೈಕೊಟ್ಟಿತು.’

ಇಂಗ್ಲಿಷ್ ಎಲ್ಲಿ ಕೈಕೊಟ್ಟಿತು ಎಂದು ಇನ್ನೂ ಆಳಕ್ಕಿಳಿದು ನೋಡಿದರೆ ಅಲ್ಲಿ ಶೇಕ್ಸ್‌ಪಿಯರನೂ ಇಲ್ಲ, ಕಠಿಣ ಶಬ್ದಭಂಡಾರವೂ ಇಲ್ಲ. ಅಲ್ಲಿರುವುದು ಕ್ರಿಯಾಪದ. ಯಾವ ವಾಕ್ಯದಲ್ಲಿ ‘ಹ್ಯಾಸ್ ಗಾನ್’, ಯಾವುದರಲ್ಲಿ ‘ವೆಂಟ್’, ಯಾವುದರಲ್ಲಿ ‘ಹ್ಯಾಡ್ ಗಾನ್’ ಎಂಬ ಗೊಂದಲ. ಹನ್ನೆರಡು ವರ್ಷ ಶಾಲೆ ಕಾಲೇಜುಗಳಲ್ಲಿ ಕಳೆದ ಬುದ್ಧಿವಂತ ಮಗುವೊಂದು ಕೆಲವು ಡಜನ್ ಕ್ರಿಯಾರೂಪಗಳ ಮುಂದೆ ಮುಗ್ಗರಿಸುತ್ತದೆ. ವಿಷಯ ಚಿಕ್ಕದೆಂದು ನಗುವವರಿದ್ದಾರೆ. ಬಾಗಿಲಿನ ಕೀಲಿಯೂ ಚಿಕ್ಕದೇ ಆಗಿರುತ್ತದೆ.

ನಮ್ಮ ಕುಟುಂಬಗಳಲ್ಲಿ ಪ್ರವೇಶ ಪರೀಕ್ಷೆ ಎಂದರೆ ಸಿಇಟಿ ಮತ್ತು ನೀಟ್ ಎಂಬ ಎರಡೇ ಹೆಸರುಗಳು. ಕರ್ನಾಟಕದ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳಿವೆ, ಇಂಗ್ಲಿಷ್ ಪತ್ರಿಕೆ ಇಲ್ಲ. ನೀಟ್ ಪರೀಕ್ಷೆಯನ್ನು ಕನ್ನಡ, ಉರ್ದು ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು. ಆದುದರಿಂದ ಇಂಗ್ಲಿಷ್ ವ್ಯಾಕರಣವು ಹತ್ತನೇ ತರಗತಿಯೊಂದಿಗೇ ಮುಗಿದ ಅಧ್ಯಾಯವೆಂಬ ಭಾವನೆ ಬೇರೂರಿದೆ. ಆದರೆ ಎಲ್ಲ ಮಕ್ಕಳೂ ವೈದ್ಯರೋ ಇಂಜಿನಿಯರರೋ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕಾನೂನು, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಪತ್ರಿಕೋದ್ಯಮಗಳ ಬಾಗಿಲಲ್ಲಿ ಕಾದು ನಿಂತಿರುವುದು ಬೇರೆ ಪರೀಕ್ಷೆಗಳು. 2022ರಲ್ಲಿ ಆರಂಭವಾದ ಸಿಯುಇಟಿ ಇಂದು ದೇಶದ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಹೆಬ್ಬಾಗಿಲು. ಕಲಬುರಗಿಯ ಸಮೀಪ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯದ ಪದವಿ ತರಗತಿಗಳಿಗೂ ಅದೇ ದಾರಿ. ಅದರ ಇಂಗ್ಲಿಷ್ ಪತ್ರಿಕೆಯಲ್ಲಿ ಗದ್ಯಭಾಗದ ಗ್ರಹಿಕೆ, ಚದುರಿದ ವಾಕ್ಯಗಳ ಜೋಡಣೆ, ಸರಿಯಾದ ಪದದ ಆಯ್ಕೆ ಮುಂತಾದವುಗಳಿವೆ. 2025ರ ಮಾದರಿಯಂತೆ 60 ನಿಮಿಷಗಳಲ್ಲಿ 50 ಪ್ರಶ್ನೆಗಳು. ಸರಿಯುತ್ತರಕ್ಕೆ 5 ಅಂಕ, ತಪ್ಪುತ್ತರಕ್ಕೆ 1 ಅಂಕ ಕಡಿತ. ಪ್ರತಿ ಪ್ರಶ್ನೆಗೆ ಸಿಗುವುದು ಒಂದು ನಿಮಿಷಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ನಿಯಮವನ್ನು ನೆನಪಿಸಿಕೊಂಡು, ಕೋಷ್ಟಕವನ್ನು ಮನಸ್ಸಿನಲ್ಲೇ ಬರೆದು, ನಂತರ ಉತ್ತರಿಸಲು ಸಾಧ್ಯವೇ? ಅದು ನಾಲಿಗೆಯ ತುದಿಯಲ್ಲೇ ಇರಬೇಕು. ಅಭ್ಯಾಸದ ಹೊರತು ಅದಕ್ಕೆ ಬೇರೆ ದಾರಿಯಿಲ್ಲ.

ಕಾನೂನು ವಿಶ್ವವಿದ್ಯಾನಿಲಯಗಳ ಕ್ಲಾಟ್ ಇನ್ನೂ ಕಠಿಣ. ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು, ತಪ್ಪಿಗೆ ಕಾಲು ಅಂಕ ಕಡಿತ. ಇಂಗ್ಲಿಷ್ ಭಾಗದಲ್ಲಿ ಸುಮಾರು 450 ಪದಗಳ ಗದ್ಯಭಾಗಗಳು. ಇಂಗ್ಲಿಷ್ ಭಾಗ ಮಾತ್ರವಲ್ಲ, ಕಾನೂನು, ತರ್ಕ, ಸಾಮಾನ್ಯ ಜ್ಞಾನದ ಪ್ರಶ್ನೆಗಳೂ ಗದ್ಯಭಾಗಗಳಿಂದಲೇ ಹುಟ್ಟುತ್ತವೆ. ಘಟನೆ ನಡೆದುಹೋಯಿತೇ, ನಡೆಯುತ್ತಿದೆಯೇ, ಇನ್ನೊಂದು ಘಟನೆಗಿಂತ ಮೊದಲೇ ನಡೆದಿತ್ತೇ ಎಂಬುದು ಕ್ರಿಯಾಪದದಿಂದ ತಿಳಿಯದಿದ್ದರೆ ಪ್ರಕರಣದ ಹಂದರವೇ ಅರ್ಥವಾಗುವುದಿಲ್ಲ. ಬೆಂಗಳೂರಿನ ನಾಗರಭಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಶೇ. 25ರಷ್ಟು ಸೀಟುಗಳನ್ನು ಮೀಸಲಿಡಲಾಗಿದೆ. ಆ ಸೀಟು ನಮ್ಮ ಮನೆಯಂಗಳದಲ್ಲೇ ಇದೆ. ಅಲ್ಲಿಗೆ ತಲುಪಿದ ನಮ್ಮ ಮೊಹಲ್ಲಾದ ಮಗು ಯಾವುದೆಂದು ಪ್ರತಿಯೊಂದು ಜಮಾಅತ್ ತನ್ನನ್ನೇ ಕೇಳಿಕೊಳ್ಳಲಿ.

ಇದರಲ್ಲಿ ಅಡಗಿರುವ ನಷ್ಟ ಕೇವಲ ಒಂದು ಮಗುವಿನದ್ದಲ್ಲ. 2006ರ ಸಾಚಾರ್ ಸಮಿತಿಯ ವರದಿಯನ್ನು ನಾವು ವೇದಿಕೆಗಳಲ್ಲಿ ಎಷ್ಟು ಬಾರಿ ಉಲ್ಲೇಖಿಸಿಲ್ಲ? 6ರಿಂದ 14 ವಯಸ್ಸಿನ ಮುಸ್ಲಿಮ್ ಮಕ್ಕಳ ಪೈಕಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ಅರ್ಧದಲ್ಲೇ ಇಳಿದಿದ್ದಾರೆ ಎಂದು ಅದು ಹೇಳಿತ್ತು. ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬ, ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50ಕ್ಕೆ ಒಬ್ಬ ಮಾತ್ರ ಮುಸ್ಲಿಮನೆಂದೂ ಅದರಲ್ಲಿತ್ತು. ಆ ವರದಿಯನ್ನು ಸರಕಾರದ ವಿರುದ್ಧದ ದೋಷಾರೋಪ ಪಟ್ಟಿಯಾಗಿ ಓದುವ ಹಕ್ಕು ನಮಗಿದೆ. ಆದರೆ ಅದು ನಮ್ಮ ಮನೆಯ ಕನ್ನಡಿಯೂ ಹೌದು.

2022ರಲ್ಲಿ ಹಿಜಾಬಿನ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಆ ವರ್ಷದ ಮಾರ್ಚ್ 15ರಂದು ರಾಜ್ಯ ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ಅದೇ ಡಿಸೆಂಬರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ನಿಲ್ಲಿಸಲಾಯಿತೆಂಬ ಸುದ್ದಿ ಬಂತು. 2023ರ ಮಾರ್ಚಿನಲ್ಲಿ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಅಂದಿನ ರಾಜ್ಯ ಸರಕಾರ ರದ್ದುಗೊಳಿಸಲು ಹೊರಟಾಗ ವಿವಾದ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು. ಈ ಎಲ್ಲ ಸಂದರ್ಭಗಳಲ್ಲೂ ನಾವು ಬೀದಿಗಿಳಿದೆವು, ಮನವಿ ಸಲ್ಲಿಸಿದೆವು, ಮುಷ್ಕರ ಮಾಡಿದೆವು. ತಪ್ಪಲ್ಲ. ಆದರೆ ಆ ವಾದಗಳು ನಡೆದ ಭಾಷೆ ಯಾವುದು? ತೀರ್ಪುಗಳು ಬಂದ ಭಾಷೆ ಯಾವುದು? ಸಂವಿಧಾನದ 348ನೇ ವಿಧಿಯಂತೆ ಸುಪ್ರೀಮ್ ಕೋರ್ಟಿನ ಮತ್ತು ಹೈಕೋರ್ಟುಗಳ ವ್ಯವಹಾರದ ಭಾಷೆ ಇಂಗ್ಲಿಷ್. ನಮ್ಮ ಹಕ್ಕುಗಳ ಕುರಿತು ಬರೆಯಲಾದ ತೀರ್ಪನ್ನು ಮೂಲದಲ್ಲಿ ಓದಿ, ಅದರ ದೋಷವನ್ನು ಅದೇ ಭಾಷೆಯಲ್ಲಿ ಎತ್ತಿತೋರಿಸಬಲ್ಲವರು ನಮ್ಮ ಒಂದೊಂದು ಪಟ್ಟಣದಲ್ಲಿ ಎಷ್ಟು ಮಂದಿಯಿದ್ದಾರೆ? ಘೋಷಣೆಗೆ ವ್ಯಾಕರಣ ಬೇಡ. ಅರ್ಜಿಗೆ ಬೇಕು.

ಇಲ್ಲಿ ಕೆಲವರು ಧರ್ಮವನ್ನು ಅಡ್ಡ ತರುತ್ತಾರೆ. ಇಂಗ್ಲಿಷ್ ವಸಾಹತುಶಾಹಿಯ ಭಾಷೆ, ಅದನ್ನು ಕಲಿತವರ ಈಮಾನ್ ಸಡಿಲಗೊಳ್ಳುತ್ತದೆ, ನಮ್ಮ ಹಿರಿಯ ಉಲಮಾಗಳು ಅದನ್ನು ವಿರೋಧಿಸಿದ್ದರು ಎಂಬ ಮಾತು ಇಂದಿಗೂ ಕೆಲವು ಮಿಂಬರ್‌ಗಳಿಂದ ಕೇಳಿಬರುತ್ತದೆ. ಇತಿಹಾಸ ಈ ಮಾತನ್ನು ಬೆಂಬಲಿಸುವುದಿಲ್ಲ. ಮದೀನಾದಲ್ಲಿ ಯಹೂದಿಯರೊಂದಿಗಿನ ಪತ್ರವ್ಯವಹಾರಕ್ಕಾಗಿ ಅವರ ಲಿಪಿಯನ್ನು ಕಲಿಯುವಂತೆ ಪ್ರವಾದಿ ಮುಹಮ್ಮದ್(ಸ)ರು ತರುಣ ಝೈದ್ ಬಿನ್ ಸಾಬಿತ್(ರ)ರಿಗೆ ಆದೇಶಿಸಿದರು. ಸುಮಾರು ಅರ್ಧ ತಿಂಗಳಲ್ಲಿ ಅವರು ಅದನ್ನು ಕರಗತ ಮಾಡಿಕೊಂಡರೆಂದು ಹದೀಸ್ ಗ್ರಂಥಗಳಲ್ಲಿದೆ. ಅದು ಮಿತ್ರರ ಭಾಷೆಯೆಂದಾಗಲಿ ಪವಿತ್ರ ಭಾಷೆಯೆಂದಾಗಲಿ ಅವರು ಕಲಿಯಲಿಲ್ಲ. ಸಮುದಾಯಕ್ಕೆ ಅದರ ಅಗತ್ಯವಿತ್ತು, ಆದುದರಿಂದ ಕಲಿತರು. ಮುಂದೆ ಪವಿತ್ರ ಕುರ್‌ಆನನ್ನು ಗ್ರಂಥರೂಪದಲ್ಲಿ ಸಂಗ್ರಹಿಸುವ ಮಹಾಕಾರ್ಯ ಅದೇ ಝೈದ್(ರ)ರ ಹೆಗಲೇರಿತು. ಅನ್ಯ ಭಾಷೆ ಅವರ ಈಮಾನನ್ನು ಸಡಿಲಗೊಳಿಸಿತ್ತೇ?

ಭಾರತದ ವಿಷಯಕ್ಕೇ ಬರೋಣ. ದೆಹಲಿಯ ಮಹಾ ವಿದ್ವಾಂಸ, 1824ರಲ್ಲಿ ನಿಧನರಾದ ಶಾಹ್ ಅಬ್ದುಲ್ ಅಝೀಝ್‌ರು ಇಂಗ್ಲಿಷ್ ಕಲಿಯುವುದು ಸಮ್ಮತವೆಂದು ಫತ್ವಾ ನೀಡಿದ್ದರು. ಬ್ರಿಟಿಷರ ಆಡಳಿತವನ್ನು ಅವರು ಒಪ್ಪಿರಲಿಲ್ಲ, ಭಾಷೆಯನ್ನು ನಿಷೇಧಿಸಲೂ ಇಲ್ಲ. ಆಳುವವರಿಗೂ ಅವರ ಭಾಷೆಗೂ ನಡುವಿನ ವ್ಯತ್ಯಾಸ ಅವರಿಗೆ ತಿಳಿದಿತ್ತು. ಸರ್ ಸಯ್ಯಿದ್ ಅಹ್ಮದ್ ಖಾನ್‌ರು 1875ರಲ್ಲಿ ಅಲಿಗಢದಲ್ಲಿ ವಿದ್ಯಾಸಂಸ್ಥೆ ತೆರೆದಾಗ ಅವರ ಮೇಲೆ ಕುಫ್ರ್‌ನ ಆರೋಪ ಹೊರಿಸಿದವರಿದ್ದರು. 1920ರಲ್ಲಿ ಅದು ವಿಶ್ವವಿದ್ಯಾನಿಲಯವಾಯಿತು. ಆರೋಪ ಹೊರಿಸಿದವರ ಮೊಮ್ಮಕ್ಕಳೂ ಅಲ್ಲಿ ಪ್ರವೇಶಕ್ಕಾಗಿ ಸಾಲು ನಿಂತಿರಬಹುದು.

2023ರ ಜೂನ್ ತಿಂಗಳಲ್ಲಿ ದೇವಬಂದ್‌ನ ದಾರುಲ್ ಉಲೂಮ್‌ನಿಂದ, ವಿದ್ಯಾರ್ಥಿಗಳು ವ್ಯಾಸಂಗದ ಅವಧಿಯಲ್ಲಿ ಇಂಗ್ಲಿಷ್ ಮುಂತಾದ ಭಾಷೆಗಳನ್ನು ಕಲಿಯಬಾರದೆಂಬ ಸೂಚನೆ ಹೊರಬಿದ್ದು ದೇಶದಾದ್ಯಂತ ಚರ್ಚೆಯಾಯಿತು. ವಿರೋಧ ಇಂಗ್ಲಿಷಿಗಲ್ಲ, ಮದ್ರಸದ ಪಾಠ ಬಿಟ್ಟು ಹೊರಗಿನ ಕೋಚಿಂಗ್‌ಗಳಿಗೆ ಅಲೆಯುವುದಕ್ಕೆ ಮಾತ್ರ, ಸಂಸ್ಥೆಯಲ್ಲೇ ಇಂಗ್ಲಿಷ್ ವಿಭಾಗವಿದೆ ಎಂಬ ಸ್ಪಷ್ಟೀಕರಣ ನಂತರ ಬಂತು. ಆ ಸ್ಪಷ್ಟೀಕರಣವನ್ನು ನಾವು ಪ್ರಾಮಾಣಿಕವೆಂದೇ ಸ್ವೀಕರಿಸೋಣ. ವಿದ್ಯಾರ್ಥಿಯ ಏಕಾಗ್ರತೆ ಕೆಡಬಾರದೆಂಬ ಕಾಳಜಿ ನ್ಯಾಯವಾದುದು. ಆದರೆ ಆ ಕಾಳಜಿಯಿಂದ ಹೊರಡುವ ತೀರ್ಮಾನ ಒಂದೇ: ಹೊರಗಿನ ಕೋಚಿಂಗ್ ಬೇಡವೆಂದಾದರೆ ಒಳಗೆ ತರಗತಿ ಬೇಕು. ಬಾಗಿಲು ಮುಚ್ಚುವವನಿಗೆ ಕಿಟಕಿ ತೆರೆಯುವ ಹೊಣೆಯೂ ಇದೆ. ದೇವಬಂದ್‌ನಲ್ಲಿ ಆ ವಿಭಾಗವಿದೆ. ನಮ್ಮ ಜಿಲ್ಲಾ ಕೇಂದ್ರಗಳ ಮದ್ರಸಗಳಲ್ಲಿ, ದರ್ಸ್‌ಗಳಲ್ಲಿ ಏನಿದೆ?

ಅತ್ತ ಮದ್ರಸಕ್ಕೆ ಬಾರದ ಕುಟುಂಬಗಳು ತಮ್ಮ ಮಕ್ಕಳು ಸುರಕ್ಷಿತರೆಂದು ತಿಳಿಯಬೇಕಾಗಿಲ್ಲ. ‘ನಮ್ಮ ಮಗು ಇಂಗ್ಲಿಷ್ ಮೀಡಿಯಮ್’ ಎಂಬ ಹೆಮ್ಮೆಯ ಹಿಂದೆ ದೊಡ್ಡ ಮೋಸವಿದೆ. ಶಾಲೆಯ ಫಲಕ ಇಂಗ್ಲಿಷಿನಲ್ಲಿರುತ್ತದೆ, ಸಮವಸ್ತ್ರಕ್ಕೆ ಟೈ ಇರುತ್ತದೆ, ಶುಲ್ಕವಂತೂ ಇದ್ದೇ ಇರುತ್ತದೆ. ಆದರೆ ತರಗತಿಯಲ್ಲಿ ಪಾಠ ಕನ್ನಡದಲ್ಲೋ ಉರ್ದುವಿನಲ್ಲೋ ಬ್ಯಾರಿಯಲ್ಲೋ ವಿವರಿಸಲ್ಪಡುತ್ತದೆ, ಉತ್ತರ ಗೈಡಿನಿಂದ ಬಾಯಿಪಾಠವಾಗುತ್ತದೆ. ಹತ್ತು ವರ್ಷಗಳಲ್ಲಿ ಆ ಮಗು ತನ್ನ ಸ್ವಂತದ ಹತ್ತು ವಾಕ್ಯಗಳನ್ನು ಬರೆದಿರುವುದಿಲ್ಲ. ಬಾಯಿಪಾಠದ ಉತ್ತರದಲ್ಲಿ ಕ್ರಿಯಾಪದ ತಪ್ಪುವುದಿಲ್ಲ, ಏಕೆಂದರೆ ಅದು ಗೈಡು ಬರೆದವನ ಕ್ರಿಯಾಪದ. ಪ್ರವೇಶ ಪರೀಕ್ಷೆಯಲ್ಲಿ ಗೈಡು ಬರೆದವನು ಜೊತೆಗಿರುವುದಿಲ್ಲ.

ಇಂತಹ ಪರೀಕ್ಷೆಯೇ ಅನ್ಯಾಯ, ಕನ್ನಡ ಉರ್ದು ಮಾಧ್ಯಮದಲ್ಲಿ ಓದಿದ ಬಡ ಮಗುವನ್ನು ಇಂಗ್ಲಿಷಿನ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ನ್ಯಾಯವಾದುದೇ. ಕ್ಲಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುವುದು ನಗರದ ಶ್ರೀಮಂತ ಮಕ್ಕಳಿಗೆ ಕೊಟ್ಟ ಮುಂಗಡವೆಂಬುದರಲ್ಲಿ ಸಂಶಯವಿಲ್ಲ. ಅದರ ವಿರುದ್ಧ ಎಲ್ಲ ಸಮುದಾಯಗಳ ಬಡವರೊಂದಿಗೆ ಸೇರಿ ನಾವು ಧ್ವನಿಯೆತ್ತಬೇಕು. ಸಿಯುಇಟಿಯಲ್ಲಿ ಭಾಷಾ ಪತ್ರಿಕೆಗೆ ಕನ್ನಡ ಮತ್ತು ಉರ್ದು ಸೇರಿದಂತೆ 13 ಭಾಷೆಗಳ ಆಯ್ಕೆಯಿದೆ, ಅರ್ಹರಾದವರು ಅದನ್ನು ಬಳಸಿಕೊಳ್ಳಲಿ. ಆದರೆ ಪರೀಕ್ಷೆಯನ್ನು ಉರ್ದುವಿನಲ್ಲಿ ಬರೆದು ಒಳಗೆ ಹೋದವನಿಗೆ ಒಳಗಿನ ಉಪನ್ಯಾಸ, ಗ್ರಂಥಾಲಯ, ಪ್ರಬಂಧಗಳು ಬಹುತೇಕ ಇಂಗ್ಲಿಷಿನಲ್ಲೇ ಎದುರಾಗುತ್ತವೆ. ನಿಯಮ ಬದಲಾಗುವವರೆಗೆ ಮಕ್ಕಳ ವಯಸ್ಸು ಕಾಯುವುದಿಲ್ಲ. ನ್ಯಾಯಕ್ಕಾಗಿ ಹೋರಾಡುತ್ತಲೇ ಕ್ರಿಯಾಪದವನ್ನೂ ಕಲಿಯಬಹುದು. ಒಂದು ಮತ್ತೊಂದಕ್ಕೆ ಅಡ್ಡಿಯಲ್ಲ.

ಹಾಗಾದರೆ ಕ್ರಿಯಾಪದದ ಕಾಲ ನಮ್ಮ ಮಕ್ಕಳಿಗೆ ನಿಜಕ್ಕೂ ಅಷ್ಟು ಕಠಿಣವೇ? ಮದ್ರಸದ ಚಾಪೆಯ ಮೇಲೆ ಕುಳಿತು ಗರ್ದಾನ್ ಒಪ್ಪಿಸಿದವನಾಗಿ, ಬಿ.ಎ. ತರಗತಿಯ ಬೆಂಚಿನಲ್ಲೂ ಕುಳಿತವನಾಗಿ ಈ ಲೇಖಕ ಖಂಡಿತವಾಗಿ ಹೇಳಬಲ್ಲ: ಕಠಿಣವಲ್ಲ. ಮೀಝಾನ್ ಓದುವ ಹತ್ತು ಹನ್ನೆರಡರ ಬಾಲಕನು ಒಂದು ಅರಬಿ ಧಾತುವಿನಿಂದ ಭೂತಕಾಲದ 14 ರೂಪಗಳನ್ನು ಉಸಿರು ಬಿಡದೆ ಹೇಳುತ್ತಾನೆ. ಏಕವಚನ, ದ್ವಿವಚನ, ಬಹುವಚನ, ಸ್ತ್ರೀಲಿಂಗ, ಪುಲ್ಲಿಂಗ, ಒಂದೂ ತಪ್ಪುವುದಿಲ್ಲ. ಇಂಗ್ಲಿಷಿನ ಭೂತಕಾಲದಲ್ಲಿ ‘ರೋಟ್’ ಎಂಬ ಒಂದೇ ರೂಪ ಎಲ್ಲ ಕರ್ತೃಗಳಿಗೂ ಸಾಕು. 14ನ್ನು ಹೊತ್ತವನಿಗೆ ಒಂದು ಭಾರವೇ?

ಕೊರತೆಯಿರುವುದು ಬೋಧನೆಯಲ್ಲಿ. ಮಗುವಿಗೆ ಈಗಾಗಲೇ ಗೊತ್ತಿರುವುದರಿಂದ ಗೊತ್ತಿಲ್ಲದಿರುವುದಕ್ಕೆ ಸೇತುವೆ ಕಟ್ಟುವ ಕೆಲಸ ನಡೆದಿಲ್ಲ. ‘ಕತಬ’ ಎಂದರೆ ಬರೆದನು. ‘ಕದ್ ಕತಬ’ ಎಂದರೆ ಬರೆದಿದ್ದಾನೆ. ‘ಕಾನ ಕತಬ’ ಎಂದರೆ ಬರೆದಿದ್ದನು. ‘ಕಾನ ಯಕ್ತುಬು’ ಎಂದರೆ ಬರೆಯುತ್ತಿದ್ದನು. ಉರ್ದು ವ್ಯಾಕರಣದಲ್ಲಿ ಇವಕ್ಕೆ ಮಾಝಿ ಮುತ್ಲಕ್, ಮಾಝಿ ಕರೀಬ್, ಮಾಝಿ ಬಯೀದ್, ಮಾಝಿ ಇಸ್ತಿಮ್ರಾರಿ ಎಂಬ ಹೆಸರುಗಳಿವೆ. ಸಾಮಾನ್ಯ ಭೂತ, ಸಮೀಪದ ಭೂತ, ದೂರದ ಭೂತ, ಮುಂದುವರಿಯುತ್ತಿದ್ದ ಭೂತ. ಇಂಗ್ಲಿಷಿನ ‘ರೋಟ್’, ‘ಹ್ಯಾಸ್ ರಿಟನ್’, ‘ಹ್ಯಾಡ್ ರಿಟನ್’, ‘ವಾಸ್ ರೈಟಿಂಗ್’ ಇವುಗಳಿಗೆ ಬಹಳ ಹತ್ತಿರದವು. ಸಂಪೂರ್ಣ ಸಮಾನವಲ್ಲ, ಆದರೆ ಮೊದಲ ಮೆಟ್ಟಿಲಿಗೆ ಇಷ್ಟು ಸಾಕು. ಉಸ್ತಾದರು ಇದನ್ನು ಹೇಳಿಕೊಟ್ಟಿಲ್ಲ, ಏಕೆಂದರೆ ಅವರಿಗೆ ಇಂಗ್ಲಿಷ್ ಬಾರದು. ಇಂಗ್ಲಿಷ್ ಅಧ್ಯಾಪಕರೂ ಹೇಳಿಕೊಟ್ಟಿಲ್ಲ, ಏಕೆಂದರೆ ಅವರಿಗೆ ಅರಬಿ ಬಾರದು. ಇಬ್ಬರ ನಡುವೆ ಮಗು ಅನಾಥವಾಯಿತು.

ಇನ್ನೊಂದು ಉದಾಹರಣೆ ನೋಡಿ. ‘ಡಿಡ್ ನಾಟ್ ರೋಟ್’ ಎಂಬುದು ನಮ್ಮ ಮಕ್ಕಳ ಅತಿ ಸಾಮಾನ್ಯ ತಪ್ಪು. ‘ಡಿಡ್’ ಬಂದ ಮೇಲೆ ಭೂತಕಾಲದ ಕೆಲಸ ಮುಗಿಯಿತು, ಮುಂದಿನ ಕ್ರಿಯಾಪದ ಮೂಲರೂಪದಲ್ಲೇ ಇರಬೇಕು, ‘ಡಿಡ್ ನಾಟ್ ರೈಟ್’ ಎಂದಾಗಬೇಕು. ಇದನ್ನು ಸಾವಿರ ಬಾರಿ ಹೇಳಿದರೂ ಮಗುವಿನ ಮನಸ್ಸಿಗೆ ನಾಟುವುದಿಲ್ಲ. ಆದರೆ ಅರಬಿ ಓದಿದ ಮಗುವಿಗೆ ‘ಲಮ್’ ಎಂಬ ಅವ್ಯಯ ಗೊತ್ತು. ‘ಬರೆಯಲಿಲ್ಲ’ ಎನ್ನಲು ಅದು ‘ಲಮ್ ಯಕ್ತುಬ್’ ಎನ್ನುತ್ತದೆ. ‘ಲಮ್ ಕತಬ’ ಎಂದರೆ ಉಸ್ತಾದರ ಬೆತ್ತ ಮೇಲೇಳುತ್ತದೆ. ‘ಲಮ್’ ಭೂತಕಾಲವನ್ನು ತಾನು ಹೊತ್ತು, ಕ್ರಿಯಾಪದವನ್ನು ವರ್ತಮಾನ ರೂಪದಲ್ಲಿ ಬಿಡುತ್ತದೆ. ‘ಡಿಡ್ ನಾಟ್’ ಮಾಡುವುದೂ ಅದನ್ನೇ. ಒಂದು ನಿಮಿಷದ ಹೋಲಿಕೆಯಿಂದ ಹತ್ತು ವರ್ಷದ ತಪ್ಪು ತಿದ್ದಿಹೋಗುತ್ತದೆ.

ಅರಬಿ ಓದದ ಮಗುವಿಗೂ ಮನೆಮಾತೇ ಗುರು, ಮನೆಮಾತೇ ಬಲೆ. ಕನ್ನಡದಲ್ಲಿ ‘ಅವನನ್ನು ನಿನ್ನೆ ನೋಡಿದ್ದೇನೆ’ ಎಂದರೆ ತಪ್ಪಿಲ್ಲ. ಅದನ್ನೇ ಇಂಗ್ಲಿಷಿಗೆ ತಂದು ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂದರೆ ಅಂಕ ಹೋಯಿತು. ನಿನ್ನೆ, ಕಳೆದ ವರ್ಷ, 2022ರಲ್ಲಿ ಎಂದು ಮುಗಿದುಹೋದ ಸಮಯವನ್ನು ಹೆಸರಿಸಿದ ಮೇಲೆ ಇಂಗ್ಲಿಷ್ ‘ಸಾ’ ಎಂಬ ಸಾಮಾನ್ಯ ಭೂತವನ್ನೇ ಕೇಳುತ್ತದೆ. ‘ಮೂರು ವರ್ಷದಿಂದ ಇಲ್ಲಿ ವಾಸಿಸುತ್ತಿದ್ದೇನೆ’ ಎಂಬುದನ್ನು ಮಗು ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಎಂದು ಬರೆಯುತ್ತದೆ. ಅದರಲ್ಲಿ ಎರಡು ತಪ್ಪು. ಕನ್ನಡದ ‘ಇಂದ’, ಉರ್ದುವಿನ ‘ಸೇ’ ಅವಧಿಗೂ ಆರಂಭದ ಬಿಂದುವಿಗೂ ಒಂದೇ. ಇಂಗ್ಲಿಷ್ ಅವಧಿಗೆ ‘ಫಾರ್’, ಆರಂಭದ ಬಿಂದುವಿಗೆ ‘ಸಿನ್ಸ್’ ಎನ್ನುತ್ತದೆ. ಹಿಂದೆ ಆರಂಭವಾಗಿ ಇಂದಿಗೂ ಮುಂದುವರಿದಿರುವುದಕ್ಕೆ ‘ಹ್ಯಾವ್ ಬೀನ್ ಲಿವಿಂಗ್’ ಬೇಕು.

ಬಲೆಯಾದ ಮನೆಮಾತು ಗುರುವಾಗುವುದೂ ಉಂಟು. ಉರ್ದು ಮನೆಮಾತಿನ ಮಗು ‘ಅಗರ್ ಬಾರಿಶ್ ಹೋಗೀ’ ಎಂಬುದರ ನೆರಳಿನಲ್ಲಿ ‘ಇಫ್ ಇಟ್ ವಿಲ್ ರೇನ್’ ಎಂದು ಬರೆಯುತ್ತದೆ. ಅದಕ್ಕೆ ಕನ್ನಡವನ್ನು ತೋರಿಸಿ. ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ಮಾತು ನಾಳೆಯದು, ಆದರೆ ರೂಪ ‘ಬಂದ’ ಎಂಬ ಭೂತದಿಂದ ಹುಟ್ಟಿದೆ. ಷರತ್ತಿನ ವಾಕ್ಯದಲ್ಲಿ ಭವಿಷ್ಯದ ರೂಪ ಬೇಡವೆಂಬುದು ಕನ್ನಡಕ್ಕೂ ಗೊತ್ತು, ಅರಬಿಯ ‘ಇನ್’ಗೂ ಗೊತ್ತು. ಇಂಗ್ಲಿಷ್ ಅಲ್ಲಿ ವರ್ತಮಾನವನ್ನು ಬಳಸಿ ‘ಇಫ್ ಇಟ್ ರೇನ್ಸ್’ ಎನ್ನುತ್ತದೆ, ಅಷ್ಟೇ. ಮೂರು ನಾಲ್ಕು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳದು ಬಡತನವಲ್ಲ, ಬಂಡವಾಳ. ಆ ಬಂಡವಾಳವನ್ನು ದುಡಿಸುವವರಿಲ್ಲ.

ಈ ಶೂನ್ಯವನ್ನು ತುಂಬಿರುವುದು ಕೋಚಿಂಗ್ ವ್ಯಾಪಾರ. ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಎಂದು ಗೋಡೆಗಳ ಮೇಲೆ ಬರೆದವರು ಮೊದಲ ದಿನವೇ ಹನ್ನೆರಡು ಕಾಲಗಳ ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆಸುತ್ತಾರೆ. ಮೂವತ್ತನೆಯ ದಿನ ಮಗು ಆ ಕೋಷ್ಟಕವನ್ನು ಬಾಯಿಪಾಠ ಒಪ್ಪಿಸುತ್ತದೆ, ವಾಕ್ಯ ಮಾತ್ರ ಬರುವುದಿಲ್ಲ. ಈಜುವ ವಿಧಾನವನ್ನು ಕಂಠಪಾಠ ಮಾಡಿಸಿ ನೀರಿಗಿಳಿಸದವನನ್ನು ಈಜು ಗುರುವೆನ್ನುತ್ತೇವೆಯೇ? ಕಾಲಗಳು ಕೂರುವುದು ಓದುವುದರಿಂದ ಮತ್ತು ಬರೆಯುವುದರಿಂದ. ದಿನಕ್ಕೊಂದು ಪುಟ್ಟ ಗದ್ಯಭಾಗ ಓದಿ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯುವುದು, ಇಲ್ಲಿ ಈ ರೂಪವೇ ಏಕೆ ಬಂತೆಂದು ಕೇಳುವುದು, ಇಂದಿನ ಘಟನೆಯನ್ನು ನಿನ್ನೆಯದಾಗಿಸಿ ತಿರುಗಿ ಬರೆಯುವುದು, ಸ್ವಂತ ಬದುಕಿನಿಂದ ಹತ್ತು ವಾಕ್ಯ ಬರೆದು ತಿದ್ದಿಸಿಕೊಳ್ಳುವುದು, ವಾರಕ್ಕೊಮ್ಮೆ ಗಡಿಯಾರ ಎದುರಿಟ್ಟು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು. ಇದಕ್ಕೆ ದುಬಾರಿ ಪುಸ್ತಕ ಬೇಡ. ಬೇಕಾಗಿರುವುದು ತಾಳ್ಮೆಯುಳ್ಳ ಒಬ್ಬ ಅಧ್ಯಾಪಕ ಮತ್ತು ಪ್ರತಿದಿನದ ಒಂದು ಗಂಟೆ. ಕುರ್‌ಆನ್ ಕಂಠಪಾಠ ಮಾಡುವ ಹಾಫಿಝ್ ಬಾಲಕ ಪ್ರತಿದಿನ ಹಿಂದಿನ ಪಾಠವನ್ನು ಒಪ್ಪಿಸದೆ ಹೊಸ ಪಾಠಕ್ಕೆ ಹೋಗುವುದಿಲ್ಲ. ಆ ಶಿಸ್ತು ನಮ್ಮಲ್ಲೇ ಇದೆ. ಅದನ್ನು ಬೇರೆಡೆಯಿಂದ ತರಬೇಕಾಗಿಲ್ಲ.

ದಾರಿ ತೋರಿಸಿದವರೂ ಇದ್ದಾರೆ. ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯವು 2013ರಲ್ಲಿ ಮದ್ರಸ ಪದವೀಧರರಿಗಾಗಿ ಒಂದು ವರ್ಷದ ಬ್ರಿಡ್ಜ್ ಕೋರ್ಸ್ ಆರಂಭಿಸಿತು. ಆಲಿಮ್ ಆದವರು ಅಲ್ಲಿ ಇಂಗ್ಲಿಷ್ ಮತ್ತು ಆಧುನಿಕ ವಿಷಯಗಳನ್ನು ಓದಿ ಮುಖ್ಯವಾಹಿನಿಯ ಪದವಿಗಳತ್ತ ಹೋಗಲೆಂಬುದು ಅದರ ಗುರಿ. ಅಲಿಗಢ ಮಾಡಿದ್ದನ್ನು ಭಟ್ಕಳ, ಬೀದರ್, ವಿಜಯಪುರ, ಮಂಗಳೂರು, ತುಮಕೂರುಗಳು ಸಣ್ಣ ಪ್ರಮಾಣದಲ್ಲಿ ತಮ್ಮಲ್ಲೇ ಮಾಡಬಾರದೆಂದು ಯಾವ ಶಾಸ್ತ್ರ ಹೇಳಿದೆ?

ಹಣವಿಲ್ಲ ಎಂಬ ನೆಪವನ್ನಂತೂ ಯಾರೂ ಹೇಳದಿರಲಿ. ಒಂದು ಮದುವೆಯ ಶಾಮಿಯಾನ, ಅಲಂಕಾರ, ಹತ್ತು ಬಗೆಯ ಭೋಜನಕ್ಕೆ ಸುರಿಯುವ ಹಣದಲ್ಲಿ ಒಬ್ಬ ಅಧ್ಯಾಪಕನಿಗೆ ವರ್ಷವಿಡೀ ಸಂಬಳ ಕೊಡಬಹುದು. ಹಳೆಯ ಗಟ್ಟಿ ಮಿನಾರವನ್ನು ಕೆಡವಿ ಹೊಸದನ್ನು ಕಟ್ಟುವ, ಚೆನ್ನಾಗಿರುವ ನೆಲಕ್ಕೆ ಮತ್ತೆ ಅಮೃತಶಿಲೆ ಹಾಸುವ ಪೈಪೋಟಿ ನಮ್ಮ ಊರುಗಳಲ್ಲಿ ನಡೆಯುತ್ತಿದೆ. ಆ ಮಸೀದಿಗಳ ಮೇಲ್ಮಹಡಿಗಳು ಜುಮಾ ಮತ್ತು ರಮಝಾನ್ ಹೊರತು ವರ್ಷವಿಡೀ ಖಾಲಿ ಬಿದ್ದಿರುತ್ತವೆ. ಮಸ್ಜಿದುನ್ನಬವಿಯ ಜಗಲಿಯಲ್ಲಿ ಬಡ ಸಹಾಬಿಗಳು ಕುಳಿತು ಕಲಿಯುತ್ತಿದ್ದರು, ಅವರನ್ನು ಅಹ್ಲುಸ್ಸುಫ್ಫಾ ಎಂದು ಗೌರವದಿಂದ ಕರೆಯುತ್ತೇವೆ. ಮಸೀದಿಯಲ್ಲಿ ಕಲಿಕೆ ನಡೆಯಬಾರದೆಂದು ಹೇಳುವವರು ಯಾವ ಸುನ್ನತ್ತನ್ನು ಅನುಸರಿಸುತ್ತಿದ್ದಾರೆ?

ಹೆಣ್ಣುಮಕ್ಕಳ ಕುರಿತು ಒಂದು ಮಾತು. 2022ರಲ್ಲಿ ಅವರ ಹೆಸರಿನಲ್ಲಿ ಇಡೀ ಸಮುದಾಯ ಮಾತನಾಡಿತು. ಕಾಲೇಜು ಬಿಟ್ಟು ಮನೆಯಲ್ಲಿ ಕುಳಿತವರ ಪಟ್ಟಿಯನ್ನು ಎಷ್ಟು ಜಮಾಅತ್‌ಗಳು ಮಾಡಿದವು? ಅವರಿಗೆ ಪರ್ಯಾಯವಾಗಿ ಪರೀಕ್ಷಾ ತರಬೇತಿ ನೀಡಿದವರೆಷ್ಟು? ಹೆಣ್ಣುಮಗಳ ಹಿಜಾಬಿಗಾಗಿ ಬೀದಿಯಲ್ಲಿ ಕೂಗಿದ ಅದೇ ತಂದೆ, ಅಣ್ಣಂದಿರು ಅವಳು ಸಂಜೆಯ ತರಗತಿಗೆ ಹೋಗುತ್ತೇನೆಂದರೆ ‘ಮದುವೆಯಾಗುವವಳಿಗೆ ಅದೆಲ್ಲ ಏಕೆ’ ಎನ್ನುವುದಾದರೆ ಆ ಕೂಗಿನ ಪ್ರಾಮಾಣಿಕತೆಯೇ ಪ್ರಶ್ನಾರ್ಹವಾಗುತ್ತದೆ. ಪ್ರತಿ ಮೊಹಲ್ಲಾದಲ್ಲೂ ಪದವಿ ಮುಗಿಸಿ ಅಡುಗೆಮನೆಗೆ ಸೀಮಿತಳಾದ ಒಬ್ಬಳಾದರೂ ಸಹೋದರಿಯಿದ್ದಾಳೆ. ಅವಳೇ ಅಧ್ಯಾಪಕಿಯಾಗಲಿ. ಅವಳ ಮನೆಯ ಹಜಾರವೇ ತರಗತಿಯಾಗಲಿ.

ಆದುದರಿಂದ ಮಾಡಬೇಕಾದುದು ಸ್ಪಷ್ಟ. ಪ್ರತಿ ಜಮಾಅತ್ ತನ್ನ ವ್ಯಾಪ್ತಿಯ ಪ್ರಥಮ ಪಿಯುಸಿ ಮಕ್ಕಳ ಪಟ್ಟಿ ತಯಾರಿಸಲಿ, ಫಲಿತಾಂಶ ಬಂದ ನಂತರವಲ್ಲ, ಒಂದು ವರ್ಷ ಮೊದಲು. ಕ್ಲಾಟ್ ಡಿಸೆಂಬರಿನಲ್ಲಿ ನಡೆಯುತ್ತದೆ, ದ್ವಿತೀಯ ಪಿಯುಸಿ ಫಲಿತಾಂಶಕ್ಕಿಂತ ಎಷ್ಟೋ ಮೊದಲು. ಸನ್ಮಾನದ ದಿನ ಎಚ್ಚರವಾದವನಿಗೆ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ಮಗ್ರಿಬ್ ಮತ್ತು ಇಶಾ ನಮಾಝಿನ ನಡುವಿನ ಸಮಯವನ್ನು ಗಂಡುಮಕ್ಕಳಿಗೆ, ಹಗಲಿನ ಸೂಕ್ತ ಸಮಯವನ್ನು ಹೆಣ್ಣುಮಕ್ಕಳಿಗೆ ನಿಗದಿಪಡಿಸಲಿ. ಮದ್ರಸದ ಉಸ್ತಾದರೂ ಊರಿನ ಇಂಗ್ಲಿಷ್ ಅಧ್ಯಾಪಕರೂ ಒಂದೇ ಬೋರ್ಡಿನ ಮುಂದೆ ನಿಲ್ಲಲಿ, ಆ ಅಧ್ಯಾಪಕರು ಯಾವ ಧರ್ಮದವರಾದರೂ ಸರಿ. ನೆರೆಯ ಬಡ ಹಿಂದೂ, ಕ್ರೈಸ್ತ ಮಕ್ಕಳಿಗೂ ಆ ತರಗತಿ ತೆರೆದಿರಲಿ. ಸನ್ಮಾನದ ಶಾಲು, ಫಲಕಗಳ ಹಣವನ್ನು ಪರೀಕ್ಷಾ ಶುಲ್ಕಕ್ಕೂ ಪ್ರಯಾಣಕ್ಕೂ ಕೊಡಲಿ.

ನಮ್ಮ ಭಾಷಣಗಳ ಕ್ರಿಯಾಪದಗಳನ್ನು ಒಮ್ಮೆ ಗಮನಿಸಿ. ಬಗ್ದಾದಿನಲ್ಲಿ ಗ್ರಂಥಾಲಯ ಕಟ್ಟಿದ್ದೆವು, ಸ್ಪೇನಿನಲ್ಲಿ ಜಗತ್ತಿಗೆ ಪಾಠ ಹೇಳಿದ್ದೆವು, ಈ ದೇಶವನ್ನು ಆಳಿದ್ದೆವು. ಎಲ್ಲವೂ ಮಾಝಿ ಬಯೀದ್, ದೂರದ ಭೂತ. ಚುನಾವಣೆ ಬಂದಾಗ ಕೇಳಿಬರುವುದು ಭವಿಷ್ಯ: ಕಾಲೇಜು ಕಟ್ಟುತ್ತೇವೆ, ವಿದ್ಯಾರ್ಥಿವೇತನ ತರುತ್ತೇವೆ, ಸಮುದಾಯವನ್ನು ಎತ್ತುತ್ತೇವೆ. ಈ ಎರಡರ ನಡುವೆ ಕಾಣೆಯಾಗಿರುವುದು ವರ್ತಮಾನ. ‘ಕಲಿಸುತ್ತಿದ್ದೇವೆ’ ಎಂಬ ಒಂದು ಕ್ರಿಯಾಪದವನ್ನು ಸತ್ಯವಾಗಿ ಹೇಳಬಲ್ಲ ಜಮಾಅತ್‌ಗಳು ನಮಗೆ ಬೇಕಾಗಿವೆ. ಮುಂದಿನ ಶುಕ್ರವಾರ ಖುತ್ಬಾ ಮುಗಿದ ಮೇಲೆ ನಿಮ್ಮ ಮಸೀದಿಯ ಅಧ್ಯಕ್ಷರನ್ನು 'ಮೇಲ್ಮಹಡಿಯ ಬೀಗದ ಕೈ ಯಾರ ಬಳಿ ಇದೆ?' ಎಂದು ಕೇಳಿ. ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ.